ನೋಡಿದವರು ಹೇಳಬೇಕು

ಭಾರ್ಗವನಿಗೆ ಬೆಳಗಿನಿಂದ ಏನೂ ಅನ್ನಿಸುತ್ತಿರಲಿಲ್ಲ. ಎರಡು ಗಂಟೆಗೆ ಸ್ಟಾಫ್ ರೂಮಿಗೆ ಬಾ ಎಂದು ಚಂದ್ರಮೋಹನ್ ಸರ್ ಹೇಳಿಕಳಿಸಿದಾಗಲೂ ಅನ್ನಿಸಲಿಲ್ಲ. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ, ಆಗಲಿಲ್ಲವಲ್ಲ ಎಂದು ಸ್ವಲ್ಪ ಬೇಜಾರಾಯಿತು, ಅಷ್ಟೇ. ಕ್ಯಾಂಟೀನಿನ ಸಿಮೆಂಟು ಬೆಂಚಿನ ಮೇಲೆ ಕೂತು ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ ತೆರೆದ. ಕಡಲೆಬೀಜ ಮೆತ್ತಗಾಗಿತ್ತು. ಒಂದೊಂದನ್ನೇ ಆರಿಸಿ ಮುಚ್ಚಳದ ಮೇಲಿಟ್ಟ. ಹನ್ನೆರಡಿದ್ದವು. ತನಗೆ ತಾನು ಹಾಕಿಕೊಂಡ ಅಂಕವೂ ಹನ್ನೆರಡು. ಥೂ, ಕಡಲೆಬೀಜದಲ್ಲೂ ಅದೇ ಲೆಕ್ಕ. ಮುಚ್ಚಳವನ್ನು ಕಾಗೆಗಳ ಕಡೆ ಕೊಡವಿ, ಉಳಿದ ಅನ್ನವನ್ನು ರುಚಿ ಗೊತ್ತಾಗದ ಹಾಗೆ ಬೇಗ ಬೇಗ ತಿಂದ. ಹಸಿವಿತ್ತು, ಅದೊಂದು ಆಶ್ಚರ್ಯ. ಇಂಥ ದಿನ ಹಸಿವಾಗಬಾರದು ಎಂದು ಅವನು ಎಲ್ಲೋ ನಂಬಿಕೊಂಡಿದ್ದ.

ಫೈನಲ್ ಇಯರ್ ಪ್ರಾಜೆಕ್ಟಿಗೆ ಅವರು ಮೂವರು: ಮುಳಬಾಗಿಲಿನ ಭಾರ್ಗವ, ಕೋಲಾರ ಪೇಟೆಯ ಸೌಪರ್ಣಿಕಾ, ಬೈರಕೂರಿನ ಪಕ್ಕದ ಹಳ್ಳಿಯ ಚೈತನ್ಯ. ರೇಷ್ಮೆಹುಳು ಸಾಕುವ ಮನೆಯೊಳಗಿನ ಬಿಸಿ ಮತ್ತು ತೇವವನ್ನು ಅಳೆದು ರೈತನ ಫೋನಿಗೆ ತಿಳಿಸುವ ಒಂದು ಸಣ್ಣ ಯಂತ್ರ. ಪ್ರಾಜೆಕ್ಟ್ ಮುಗಿದ ಮೇಲೆ ಚಂದ್ರಮೋಹನ್ ಸರ್ ಎಲ್ಲರ ಫೋನಿಗೂ ಒಂದು ಫಾರ್ಮ್ ಕಳಿಸಿದ್ದರು. ಒಬ್ಬೊಬ್ಬರ ಕೈಯಲ್ಲೂ ಮೂವತ್ತು ಅಂಕ. ಅದನ್ನು ಮೂವರಿಗೂ, ಅಂದರೆ ತನಗೂ ಸೇರಿಸಿ, ಹಂಚಬೇಕು. ಹತ್ತು ಹತ್ತು ಸಮವಾಗಿ ಹಂಚಿದರೆ ಫಾರ್ಮ್ ತಗೊಳ್ಳುವುದೇ ಇಲ್ಲ. ಹೋದ ವರ್ಷ ಎಲ್ಲ ತಂಡದವರೂ ಬಸ್ಸಿನಲ್ಲಿ ಮಾತಾಡಿಕೊಂಡು ಹತ್ತು ಹತ್ತು ಹಾಕಿ ಸರ್‌ಗೆ ಚಳ್ಳೆಹಣ್ಣು ತಿನ್ನಿಸಿದ್ದರಂತೆ. ಮೂವರೂ ಕೊಟ್ಟದ್ದನ್ನು ಕೂಡಿದಾಗ ಇಪ್ಪತ್ತನಾಲ್ಕು ಮುಟ್ಟದವನು ಮುಂದಿನ ವರ್ಷ ಜೂನಿಯರ್‌ಗಳ ಜೊತೆ ಮತ್ತೆ ಪ್ರಾಜೆಕ್ಟ್ ಮಾಡಬೇಕು. ಪ್ರತಿ ಹೆಸರಿನ ಮುಂದೆ ಅವನೇನು ಮಾಡಿದ ಎಂದು ಒಂದು ಸಾಲು ಬರೆಯಬೇಕು. ಇದೇ ಬೆಂಚಿನ ಮೇಲೆ ಕೂತು, ಇದೇ ಚಿತ್ರಾನ್ನ ತಿನ್ನುತ್ತಾ, ಭಾರ್ಗವ ಎಡಗೈ ಹೆಬ್ಬೆರಳಿನಲ್ಲಿ ಅದನ್ನು ತುಂಬಿದ್ದ. ತನಗೆ ಹನ್ನೆರಡು, ಸೌಪರ್ಣಿಕಾಳಿಗೆ ಹನ್ನೆರಡು, ಉಳಿದದ್ದು ಚೈತನ್ಯನಿಗೆ. ಉಳಿದದ್ದು ಆರು. ಅವನ ಮುಂದಿನ ಸಾಲು: ಚೈತನ್ಯ ಲ್ಯಾಬಿಗೆ ಸರಿಯಾಗಿ ಬರಲಿಲ್ಲ.

ಸುಳ್ಳೇನೂ ಅಲ್ಲ. ಇಪ್ಪತ್ತೆಂಟು ದಿನ ಚೈತನ್ಯ ಲ್ಯಾಬಿಗೆ ಬರಲಿಲ್ಲ. ಮೊಟ್ಟೆ ಒಡೆದ ದಿನದಿಂದ ಗೂಡು ಬಿಡಿಸುವ ದಿನದವರೆಗೆ ಅವನು ತಮ್ಮ ಹುಳುಮನೆಯಲ್ಲಿ ಯಂತ್ರದ ಪಕ್ಕ ಕೂತಿದ್ದ. ಲ್ಯಾಬಿನ ತಂಪಿನಲ್ಲಿ ಸೊಗಸಾಗಿ ನಡೆಯುತ್ತಿದ್ದ ಯಂತ್ರ ಅಲ್ಲಿಗೆ ಹೋದ ಮಾರನೇ ದಿನವೇ ಕೆಟ್ಟಿತ್ತು. ಸೊಪ್ಪಿನ ಹಸಿ, ಕಿಟಕಿಗೆ ಕಟ್ಟಿದ ಒದ್ದೆ ಗೋಣಿ, ಹುಳುವಿನ ಹಿಕ್ಕೆಯ ಧೂಳು, ಎಲ್ಲಾ ಸೇರಿ ಅದು ಬೆಳಗೂ ಬೈಗೂ ತೇವ ತೊಂಬತ್ತೊಂಬತ್ತು ಎನ್ನುತ್ತಿತ್ತು. ಚೈತನ್ಯ ಅದಕ್ಕೆ ಅವರಮ್ಮನ ಹಳೇ ಸೀರೆಯ ಚೂರಿನ ಮುಸುಕು ಹಾಕಿ, ಜಾಗ ಬದಲಾಯಿಸಿ, ಎರಡು ಗಂಟೆಗೊಮ್ಮೆ ಗೋಡೆಯ ಥರ್ಮಾಮೀಟರ್ ನೋಡಿ, ಯಂತ್ರ ಏನು ಹೇಳಿತು, ನಿಜ ಎಷ್ಟು ಎಂದು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ಆ ನೋಟ್‌ಬುಕ್ಕಿನಿಂದಲೇ ಯಂತ್ರ ಸರಿಹೋಯಿತು. ರಿಪೋರ್ಟಿನಲ್ಲಿ ಅದನ್ನೆಲ್ಲ ಟೈಪ್ ಮಾಡಿದವನು ಭಾರ್ಗವ. ‘ಕ್ಷೇತ್ರದಲ್ಲಿ ಮಾಹಿತಿ ಸಂಗ್ರಹಿಸಲಾಯಿತು’ ಎಂದು ಬರೆದ. ಯಾರು ಸಂಗ್ರಹಿಸಿದರು ಎಂದು ಬರೆಯಲು ಜಾಗವಿರಲಿಲ್ಲ ಎಂದೇನಲ್ಲ.

ಚೈತನ್ಯನ ಹಳ್ಳಿಗೆ ಭಾರ್ಗವ ಹೋದದ್ದು ಒಂದೇ ಸಲ, ಹುಳು ನಾಲ್ಕನೇ ಜ್ವರ ಮುಗಿಸಿ ಎದ್ದ ಮಾರನೇ ದಿನ. ಹುಳು ತಿನ್ನುವುದು ಬಿಟ್ಟು ಪೊರೆ ಕಳಚುವುದಕ್ಕೆ ಅವರು ಜ್ವರ ಅನ್ನುತ್ತಾರೆ, ಅದು ಅವನಿಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ; ಹುಳುವಿಗೆ ಮಾತ್ರೆ ಕೊಡ್ತೀರಾ ಎಂದು ಕೇಳಿಬಿಟ್ಟಿದ್ದ. ಚೈತನ್ಯನ ಅಪ್ಪ ಕೋದಂಡರಾಮಪ್ಪ ನಗಲಿಲ್ಲ, ಅದೇ ಕಷ್ಟವಾಯಿತು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದಿ ಒಳಗೆ ಹೋದರು. ಸಾವಿರಾರು ಹುಳು ಒಟ್ಟಿಗೆ ಸೊಪ್ಪು ತಿನ್ನುವ ಸದ್ದು, ಪಕ್ಕದ ಕೋಣೆಯಲ್ಲಿ ಯಾರೋ ಕಾಗದ ಹರಿಯುತ್ತಾ ಕೂತ ಹಾಗೆ. ಕೋದಂಡರಾಮಪ್ಪ ಬರಿಯ ಮುಂಗೈಯನ್ನು ಗಾಳಿಗೆ ಒಡ್ಡಿ ಒಂದು ಕ್ಷಣ ನಿಂತು, “ಇಪ್ಪತ್ತಾರಿರಬೇಕು,” ಎಂದರು. ಭಾರ್ಗವ ಫೋನು ತೆಗೆದ. ಯಂತ್ರ ಮೂವತ್ತೊಂದು ಎನ್ನುತ್ತಿತ್ತು. ಗೋಡೆಯ ಥರ್ಮಾಮೀಟರಿನಲ್ಲಿ ಇಪ್ಪತ್ತಾರು. “ನಿಮ್ಮ ಮಿಷಿನ್‌ಗೂ ಜ್ವರ ಬಂದಂಗದೆ ಬಿಡಪ್ಪಾ, ವಾಸಿಯಾಗ್ತದೆ,” ಎಂದು ಅವರು ಬಹಳ ಮೆತ್ತಗೆ, ಅವನ ಬೆನ್ನು ತಟ್ಟಿ ಹೇಳಿದರು. ಆ ಕೈ ಬಿದ್ದ ಜಾಗ ಇವತ್ತಿಗೂ ಅವನಿಗೆ ಗೊತ್ತು.

ಹೊರಗೆ ಬಂದ ಮೇಲೆ ಏನಾದರೂ ಮಾತಾಡಬೇಕಲ್ಲ ಎಂದು, “ಬೆಳೆ ಹೇಗಿದೆ ಯಜಮಾನ್ರೇ?” ಎಂದು ಕೇಳಿದ್ದ. ಕಣ್ಣಿಗೇ ಕಾಣುತ್ತಿತ್ತು, ಒಂದೊಂದು ಹುಳುವೂ ಕಿರುಬೆರಳಿನಷ್ಟು ದಪ್ಪ, ಬೆಳ್ಳಗೆ, ಎಷ್ಟು ಹಾಕಿದರೂ ಸೊಪ್ಪು ಸಾಲದು. ಕೋದಂಡರಾಮಪ್ಪ ಮುಖ ತಿರುಗಿಸಿ ತೆಲುಗಿನಲ್ಲೇ ಗೊಣಗಿದರು, “ಏದೋ, ಪರವಾಲೇದು.” ಏನೋ, ಪರವಾಗಿಲ್ಲ. ಅವರು ಆಚೆ ಹೋದ ಮೇಲೆ ಚೈತನ್ಯ ನಕ್ಕ. “ಹಂಗೆಲ್ಲ ಕೇಳಬಾರ್ದು ಕಣೋ. ಗೂಡು ಮಾರ್ಕೆಟ್ ಸೇರೋ ತನಕ ಚೆನ್ನಾಗಿದೆ ಅಂತ ನಮ್ಮ ಬಾಯಲ್ಲಿ ನಾವು ಹೇಳಲ್ಲ. ಕಣ್ಣು ಬೀಳ್ತದೆ. ನಮ್ಮದನ್ನ ನಾವು ಹೇಳ್ಕೊಂಡ್ರೆ ಮುಗೀತು, ನೋಡಿದೋರು ಹೇಳ್ಬೇಕು.” ಅಷ್ಟರಲ್ಲಿ ಅವನಮ್ಮ ವೆಂಕಟರತ್ನಮ್ಮ, “ರಾ ನಾಯನಾ, ಕೂಚೋ,” ಎಂದು ಕೂರಲು ಚಾಪೆ ಹಾಸಿ, ಒಳಗೆ ಮುದ್ದೆ ಸಾರಿನ ಘಮ ಬರುತ್ತಿದ್ದರೂ, ಲೋಟದ ತುಂಬ ಹಾಲು, ಎರಡು ಬಾಳೆಹಣ್ಣು ತಂದಿಟ್ಟಳು. ಐನೋರ ಮನೆ ಹುಡುಗ ತಿನ್ನುತ್ತಾನೋ ಇಲ್ಲವೋ ಎಂದು ಕೇಳಿ ಅವನನ್ನು ಕಷ್ಟಕ್ಕೆ ಸಿಕ್ಕಿಸಬಾರದು ಅಂತ ಅವಳೇ ತೀರ್ಮಾನ ಮಾಡಿದ್ದಳು. ನಾನು ಊಟ ಮಾಡ್ತೀನಮ್ಮ ಎನ್ನಬಹುದಿತ್ತು. ಗೆಳೆಯರ ಹಾಸ್ಟೆಲಿನಲ್ಲಿ ಮೊಟ್ಟೆ ತಿಂದವನು ತಾನು. ಅನ್ನಲಿಲ್ಲ. ಚೈತನ್ಯ ಒಳಗೆ ಕೂತು ಮುದ್ದೆ ನುಂಗುವ ಸದ್ದು ಕೇಳುತ್ತಾ ಹೊರಗೆ ಬಾಳೆಹಣ್ಣು ಸುಲಿದ. ಆ ಮನೆಯವರು ಎಲ್ಲದರಲ್ಲೂ ತನಗಿಂತ ಒಂದು ಹೆಜ್ಜೆ ಮುಂದೆ ಹೋಗಿ ತನ್ನನ್ನು ಕಾಪಾಡುತ್ತಿದ್ದಾರೆ ಅನ್ನಿಸಿ ಅವನಿಗೆ ಮೈ ಉರಿಯಿತು. ಅಸೂಯೆ ಎಂದರೆ ದೊಡ್ಡ ಮಾತಾಗುತ್ತದೆ. ಸಣ್ಣದೇನೋ ಒಂದು. ಆರು ಅಂಕದಷ್ಟು.

“ಬಾರಯ್ಯ, ಕೂತ್ಕೋ,” ಎಂದರು ಚಂದ್ರಮೋಹನ್ ಸರ್. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವರ ಟೇಬಲ್ಲಿನ ಮೇಲೆ ಅರ್ಧ ಸುಲಿದ ಕಿತ್ತಳೆ ಇತ್ತು. “ನಿಂದೇನೂ ತೊಂದರೆ ಇಲ್ಲ. ನಿಂದೇ ಜಾಸ್ತಿ, ಒಟ್ಟು ಮೂವತ್ತೈದು. ಕಾಲೇಜಿನ ಪರವಾಗಿ ಎಕ್ಸಿಬಿಷನ್‌ಗೆ ನೀನೇ ಹೋಗು. ನಂಗೆ ಚೈತನ್ಯಂದೇ ಯೋಚನೆ. ಇಪ್ಪತ್ತೆರಡಿದೆ. ಎರಡು ಕಮ್ಮಿ.”

ಭಾರ್ಗವ ಕಿತ್ತಳೆ ಸಿಪ್ಪೆ ನೋಡುತ್ತಿದ್ದ.

“ಅವನಿಗೆ ಅವನೇ ಎಷ್ಟು ಹಾಕ್ಕೊಂಡಿದಾನೆ ಗೊತ್ತಾ? ಮೂರು! ಮೂವತ್ತರಲ್ಲಿ ಮೂರು ಕಣಯ್ಯ. ನಿಂಗೆ ಹದಿನೈದು ಕೊಟ್ಟಿದಾನೆ. ಇಷ್ಟು ವರ್ಷದ ಸರ್ವೀಸಲ್ಲಿ ಇಂಥದ್ದು ನೋಡಿಲ್ಲ ನಾನು. ಇನ್ನು ತನ್ನ ಹೆಸರಿನ ಮುಂದೆ ಬರ್ಕೊಂಡಿರೋ ಸಾಲು ಕೇಳು, ‘ಏನೋ ನನ್ನ ಕೈಲಾದಷ್ಟು ಮಾಡಿದೆ.’ ಅಂದ್ರೆ ಏನರ್ಥ? ಮಾಡಿಲ್ಲ ಅಂತ ಒಪ್ಕೊಂಡಂಗಲ್ವಾ? ಬೆಳಿಗ್ಗೆ ಕರೆದು ಕೇಳಿದ್ರೆ ಗುಗ್ಗು ಥರ ನಿಂತ್ಕೊಂಡು ನಗ್ತಾನೆ. ಸೌಪರ್ಣಿಕಾ ಅವನಿಗೆ ಹದಿಮೂರು ಕೊಟ್ಟಿದಾಳೆ, ತಾನು ಹಾಕ್ಕೊಂಡಿದ್ದಕ್ಕಿಂತ ಜಾಸ್ತಿ. ಹೆಣ್ಮಕ್ಕಳು ಕನಿಕರಕ್ಕೆ ಕೊಟ್ಬಿಡ್ತಾರೆ, ಬಿಡು.”

ಸೌಪರ್ಣಿಕಾ ಆ ಹಳ್ಳಿಗೆ ಹೋದವಳೇ ಅಲ್ಲ. ಆ ನೋಟ್‌ಬುಕ್ಕನ್ನು ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿ ಮುಚ್ಚಿಟ್ಟಿದ್ದಳು, ಅಷ್ಟೇ. ಕನಿಕರ ಅಲ್ಲ ಸರ್ ಎಂದು ಭಾರ್ಗವನ ಬಾಯಿಗೆ ಬಂತು. ಮೂರು ಅಂದರೆ ಅವರ ಮನೆಯಲ್ಲಿ ಮೂವತ್ತು ಸರ್ ಎಂದೂ ಬಂತು. ಕಾಲೇಜಿನಲ್ಲಿ ಅದು ಗೊತ್ತಿರುವುದು ತನಗೊಬ್ಬನಿಗೇ. ಆದರೆ ಅದನ್ನು ಹೇಳಿದರೆ, ಹಾಗಾದರೆ ನೀನು ಯಾಕೆ ಆರು ಕೊಟ್ಟೆ ಎಂದು ಅವರು ಕೇಳುತ್ತಾರೆ.

“ನೀನು ಅವರ ಮನೆಗೂ ಹೋಗಿದ್ಯಂತೆ. ಕಣ್ಣಾರೆ ನೋಡಿದೋನು ನೀನೊಬ್ಬನೇ. ನಿಜ ಹೇಳು, ಹುಡುಗ ಕೆಲಸ ಮಾಡಿದಾನಾ?”

“ಏನೋ ಸರ್,” ಎಂದ ಭಾರ್ಗವ. “ಪರವಾಗಿಲ್ಲ.”

ಅವನಿಗೇ ಕೇಳಿಸಿತು ಅದು. ಕೋದಂಡರಾಮಪ್ಪನ ಹಾಗೇ ಮುಖ ಆಚೆ ತಿರುಗಿಸಿ ಹೇಳಿದ್ದ. ಚಂದ್ರಮೋಹನ್ ಸರ್ ತಲೆಯಾಡಿಸಿದರು. “ಅಷ್ಟಕ್ಕಷ್ಟೇ ಅನ್ನು. ನಾನೂ ಹಂಗೇ ಅಂದ್ಕೊಂಡೆ. ನೋಡು, ಯಾರ ಕೈ ಹಿಡಿದೂ ನಾನು ಬರೆಸಲ್ಲ. ನಿನ್ನ ಫಾರ್ಮು ಸಾಯಂಕಾಲ ಆರು ಗಂಟೆವರೆಗೆ ತೆರೆದಿರ್ತೀನಿ. ಎರಡು ಅಂಕ ಅತ್ತ ಹಾಕ್ಬೇಕು ಅನ್ಸಿದ್ರೆ ಹಾಕು. ಕಾರಣ ಮಾತ್ರ ಬರೀಬೇಕು.” ಆಮೇಲೆ ಕಿತ್ತಳೆಯ ಎರಡು ತೊಳೆ ಬಿಡಿಸಿ ಅವನ ಕೈಗೆ ಕೊಟ್ಟರು. ಬೇಡ ಎನ್ನಲು ಆಗದೆ ಅಲ್ಲೇ ನಿಂತು ತಿಂದ. ಹುಳಿ ಇತ್ತು.

ಮುಳಬಾಗಿಲಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನ ಮೇಲೆ ಕರವಸ್ತ್ರ ಹಾಕಿ ಚೈತನ್ಯ ಕಾಯುತ್ತಿದ್ದ. ಪ್ರತಿದಿನವೂ ಹಾಗೇ, ಕಿಟಕಿ ಭಾರ್ಗವನಿಗೆ, ಯಾಕೆಂದರೆ ಮೊದಲ ವರ್ಷ ಒಮ್ಮೆ ಅವನಿಗೆ ಬಸ್ಸಿನಲ್ಲಿ ವಾಂತಿಯಾಗಿತ್ತು. ನಾಲ್ಕು ವರ್ಷದಿಂದ ವಾಂತಿಯಾಗಿಲ್ಲ, ಕಿಟಕಿ ಮಾತ್ರ ತಪ್ಪಿಲ್ಲ. ಬಸ್ಸು ಹೊರಟು ಹೆದ್ದಾರಿಗೆ ಬಂತು. ಟೊಮ್ಯಾಟೊ ಕ್ರೇಟುಗಳನ್ನು ಆಕಾಶದೆತ್ತರ ಪೇರಿಸಿಕೊಂಡ ಲಾರಿಗಳು ಎದುರಿಗೆ ಬರುತ್ತಿದ್ದವು. ಚೈತನ್ಯನ ಬೆರಳ ತುದಿಗಳಲ್ಲಿ ಹಿಪ್ಪುನೇರಳೆ ಸೊಪ್ಪಿನ ಕರೆ ಇತ್ತು. ತೊಳೆದರೂ ಹೋಗದ ಆ ಕರೆಯನ್ನು ವೈವಾ ದಿನ ಅವನು ಟೇಬಲ್ಲಿನ ಕೆಳಗೆ ಬಚ್ಚಿಟ್ಟುಕೊಂಡದ್ದನ್ನು ಭಾರ್ಗವ ನೋಡಿದ್ದ. ಮಾತೆಲ್ಲ ತಾನೇ ಆಡಿದ್ದ, ಗಡಗಡ ಇಂಗ್ಲಿಷಿನಲ್ಲಿ.

“ಸರ್ ನನ್ನ ಕರೆದಿದ್ರು ಕಣೋ ಬೆಳಿಗ್ಗೆ,” ಎಂದ ಚೈತನ್ಯ ಕೊನೆಗೆ. “ಎರಡು ಕಮ್ಮಿ ಅಂದ್ರು.”

“ಹೂಂ.”

“ಮಾಲೂರಿನ ಫ್ಯಾಕ್ಟರಿಯೋರು ಜೂನ್ ಒಳಗೆ ಎಲ್ಲಾ ಮುಗ್ದಿರ್ಬೇಕು ಅಂತಾರೆ. ಮುಗೀದಿದ್ರೆ ಆ ಟ್ರೈನಿ ಕೆಲಸ ಇನ್ನೊಬ್ಬರಿಗೆ. ನಮ್ಮಪ್ಪಂಗೆ ಇನ್ನೂ ಹೇಳಿಲ್ಲ.” ಕರವಸ್ತ್ರ ಮಡಿಸಿ ಜೇಬಿಗಿಟ್ಟು, “ಸೌಪರ್ಣಿಕಾ ಕಮ್ಮಿ ಕೊಟ್ಟಿರ್ಬೇಕು,” ಎಂದ. “ಅವಳ ತಪ್ಪೇನಿಲ್ಲ ಬಿಡು. ಅವಳು ನೋಡಿಲ್ವಲ್ಲ. ನೋಡ್ದೆ ಹೆಂಗೆ ಕೊಡ್ತಾಳೆ ಪಾಪ.”

ಅಲ್ಲ ಕಣೋ, ಅವಳಲ್ಲ. ಮೂರೇ ಮಾತು. ಭಾರ್ಗವ ಕಿಟಕಿಯ ಸರಳು ಹಿಡಿದುಕೊಂಡ. ಸರಳು ಬಿಸಿಯಾಗಿತ್ತು, ಬಿಸಿ ಎಂದು ಗೊತ್ತಾಯಿತು, ಸುಡುತ್ತಿದೆ ಎಂದು ಗೊತ್ತಾಗಲಿಲ್ಲ. “ನೀನು ಯಾಕೋ ಮೂರು ಹಾಕ್ಕೊಂಡೆ?” ಎಂದು ಕೇಳಿದ. ಕೇಳಿದ ಮೇಲೆ ತನ್ನ ದನಿಯಲ್ಲಿ ಸಿಟ್ಟಿರುವುದು ತಿಳಿಯಿತು. ಅವನು ಐದು ಹಾಕಿಕೊಂಡಿದ್ದರೂ ಸಾಕಿತ್ತಲ್ಲ. ಈ ಶನಿಕಾಟ ತನಗೆ ಬರುತ್ತಿರಲಿಲ್ಲ.

ಚೈತನ್ಯ ನಾಚಿಕೊಂಡು ನಕ್ಕ. “ನಮ್ಮದನ್ನ ನಾವೇ ಹೇಳ್ಕೊಳ್ಳೋದಾ? ಕೈ ಬರ್ಲಿಲ್ಲ ಕಣೋ. ಮೊದಲು ಹತ್ತು ಒತ್ತಿದೆ, ಎದೆ ಡವಡವ ಅಂತು, ಅಳಿಸಿಬಿಟ್ಟೆ. ಹೆಂಗೂ ನೀನಿದ್ದೀಯಲ್ಲ, ನೋಡಿದ್ದೀಯ, ಹಾಕಿರ್ತೀಯ ಅಂತಲೇ ಮೂರಕ್ಕೆ ಇಳಿಸ್ಕೊಂಡಿದ್ದು.” ಆಮೇಲೆ ತಡಬಡಿಸಿ, “ಎಷ್ಟು ಹಾಕ್ದೆ ಅಂತ ಕೇಳ್ತಾ ಇಲ್ಲಪ್ಪ. ಕೇಳಬಾರ್ದು ಅದನ್ನ,” ಎಂದ.

ನರಸಿಂಹತೀರ್ಥ ಬಂತು, ಹೋಯಿತು. ಮುಳಬಾಗಿಲಲ್ಲಿ ಇಳಿದಾಗ ಚೈತನ್ಯ ಬೈರಕೂರಿನ ಬಸ್ಸು ಹುಡುಕುತ್ತಾ ನಡೆದವನು ಹತ್ತು ಹೆಜ್ಜೆ ಹೋಗಿ ತಿರುಗಿ ಬಂದ. “ಲೇ, ಹೇಳೋದೇ ಮರೆತೆ. ಗೂಡು ಮಾರ್ಕೆಟ್ ಸೇರ್ತು. ಈಗ ಹೇಳಬಹುದು. ಸಖತ್ತಾಗಿ ಬಂತು ಕಣೋ ಬೆಳೆ! ನಮ್ಮಮ್ಮ ಹೇಳಿದ್ಲು, ನಿನ್ನ ಫ್ರೆಂಡ್‌ದು ಕೈಗುಣ ಅಂತ.” ನಾಲ್ಕು ವರ್ಷದಲ್ಲಿ ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ಭಾರ್ಗವ ಕೇಳಿರಲಿಲ್ಲ. ಸೊಪ್ಪಿನ ಕರೆಯ ಆ ಕೈ ಬೈರಕೂರಿನ ಬಸ್ಸಿನ ಬಾಗಿಲಿಂದ ಒಂದು ಸಲ ಬೀಸಿತು.

ಮನೆಗೆ ಬಂದು ಕೈಕಾಲು ತೊಳೆದು ಕಿಟಕಿಯ ಕಟ್ಟೆಯ ಮೇಲೆ ಫೋನಿಟ್ಟುಕೊಂಡು ಕೂತಾಗ ನಾಲ್ಕೂವರೆ. ಫಾರ್ಮ್ ತೆರೆಯಿತು. ತನ್ನ ಹೆಸರಿನ ಮುಂದಿನ ಹನ್ನೆರಡನ್ನು ಅಳಿಸಿ ಹತ್ತು ಮಾಡಿದ. ಚೈತನ್ಯನ ಆರನ್ನು ಎಂಟು ಮಾಡಿದ. ಒಟ್ಟು ಮೂವತ್ತು, ಸರಿಯಾಗಿತ್ತು. ಇಷ್ಟೇನಾ! ತನಗೇನೂ ಹೋಗುವುದಿಲ್ಲ, ಎಕ್ಸಿಬಿಷನ್ ಹೋದರೂ ಹೋಗಲಿ, ಅದೇನು ಮಹಾ. ಕೆಳಗೆ ಇನ್ನೊಂದು ಖಾನೆ ತೆರೆದುಕೊಂಡಿತು: ತಿದ್ದುಪಡಿಗೆ ಕಾರಣ. ಅದನ್ನು ತುಂಬದೆ ಮುಂದಿನ ಗುಂಡಿ ಒತ್ತಲು ಬರುತ್ತಿರಲಿಲ್ಲ. ‘ಚೈತನ್ಯ ಚೆನ್ನಾಗಿ ಕೆಲಸ ಮಾಡಿದ್ದಾನೆ’ ಎಂದು ಬರೆದ. ಎರಡು ಗಂಟೆಗೆ ಪರವಾಗಿಲ್ಲ ಎಂದಿದ್ದನಲ್ಲ; ಸರ್ ಓದಿ ಹುಬ್ಬೇರಿಸುವುದು ಕಾಣಿಸಿತು. ಅಳಿಸಿದ. ‘ಮೊದಲು ತಪ್ಪಾಗಿ ಹಾಕಿದ್ದೆ’ ಎಂದು ಬರೆದ. ತಪ್ಪಾಗಿ ಹೇಗೆ? ಬೆರಳು ಜಾರಿತೇ? ಅಳಿಸಿದ. ‘ಅವನು ಲ್ಯಾಬಿಗೆ ಬರದಿದ್ದ ಇಪ್ಪತ್ತೆಂಟು ದಿನ’ ಎಂದು ಶುರುಮಾಡಿದ. ಅಲ್ಲಿಂದ ಮುಂದೆ ಎಲ್ಲಾ ನಿಜವನ್ನೇ ಬರೆಯಬೇಕಾಗಿ ಬಂತು, ಮುಂಗೈ ಒಡ್ಡಿ ನಿಂತ ಮನುಷ್ಯನನ್ನು, ಬೆನ್ನು ತಟ್ಟಿದ್ದನ್ನು, ಬಾಳೆಹಣ್ಣನ್ನು. ಒಂದೇ ಸಾಲಿನ ಖಾನೆ ಅದು. ಅಳಿಸಿದ. ಖಾಲಿ ಖಾನೆಯಲ್ಲಿ ಗೀಟೊಂದು ಮಿಣುಕುತ್ತಿತ್ತು. ಅದನ್ನೇ ನೋಡುತ್ತಾ ಕೂತ. ನಾಚಿಕೆಯಾಗಲಿ ಎಂದು ಕಾದ. ನಾಚಿಕೆ ಬಂದರೆ ಅದು ತಾನಾಗಿ ಬರೆಸುತ್ತದೆ ಅಂದುಕೊಂಡಿದ್ದ. ಬೀದಿಯಲ್ಲಿ ಯಾರೋ ಸೈಕಲ್ ಪಂಪು ಹೊಡೆಯುತ್ತಿದ್ದರು. ಐದಾಯಿತು, ಐದೂವರೆಯಾಯಿತು.

ಆರಕ್ಕೆ ಹತ್ತು ನಿಮಿಷ ಇದ್ದಾಗ ಅಮ್ಮ ತುಳಸಮ್ಮ ಬಾಗಿಲಲ್ಲಿ ನಿಂತು, “ಎಷ್ಟು ಹೊತ್ತು ಅದನ್ನ ನೋಡ್ಕೊಂಡು ಕೂತಿರ್ತೀಯೋ? ಏಳು, ಹಿತ್ತಲಿಗೆ ಬಾ,” ಎಂದಳು. ಅವಳ ಮುಖ ಅರಳಿತ್ತು. “ನಿಮ್ಮ ಮೇಷ್ಟ್ರು ಅಪ್ಪಂಗೆ ಫೋನ್ ಮಾಡಿದ್ರಂತೆ. ಅಪ್ಪ ಕುರುಡುಮಲೆಯಿಂದ ಹೇಳಿದ್ರು, ಇವತ್ತು ಸಂಕಷ್ಟಿ, ಗಣಪತಿ ಮುಂದೆ ನಿಂತಿದ್ದಾಗಲೇ ಫೋನ್ ಬಂತಂತೆ. ನಿಂದೇ ಎಲ್ಲರಿಗಿಂತ ಜಾಸ್ತಿಯಂತೆ! ಜೊತೆಯ ಹುಡುಗರೇ ಕೊಟ್ಟಿದ್ದಂತೆ! ಒಂದು ಮಾತು ಹೇಳಿದ್ಯಾ ನಂಗೆ? ಬಾಯಿಗೆ ಬೀಗ. ಬಾ, ದೃಷ್ಟಿ ತೆಗೀತೀನಿ. ಬೆಳಿಗ್ಗೆಯಿಂದ ಮುಖ ನೋಡು, ಬಾಡಿಹೋಗಿದೆ.”

“ಅಮ್ಮ, ಹತ್ತು ನಿಮಿಷ.”

“ದೀಪ ಹಚ್ಚೋ ಹೊತ್ತಾಯ್ತು. ಏನು ಮುಳುಗಿಹೋಗುತ್ತೆ ಹತ್ತು ನಿಮಿಷದಲ್ಲಿ?”

ಅವನು ಎದ್ದ. ಏಳದೆ ಇರಬಹುದಿತ್ತು, ಅಮ್ಮ ಬಲವಂತ ಮಾಡುವವಳಲ್ಲ. ಕರೆದಳಲ್ಲ ಎಂದು ಒಳಗೊಳಗೇ ಹಗುರವಾಯಿತು, ಆ ಇಡೀ ದಿನದಲ್ಲಿ ಅವನಿಗೆ ಅನ್ನಿಸಿದ್ದು ಅದೊಂದೇ. ಫೋನನ್ನು ಬೋರಲು ಹಾಕಿ ಹೋದ. ಹಿತ್ತಲಿನ ನೀರೊಲೆಯ ಮುಂದೆ ಮೂಡಲ ದಿಕ್ಕಿಗೆ ಕೂರಿಸಿ, ಮುಷ್ಟಿಯಲ್ಲಿ ಕಲ್ಲುಪ್ಪು, ಏಳು ಒಣಮೆಣಸಿನಕಾಯಿ ಹಿಡಿದು ಅಮ್ಮ ಅವನ ತಲೆಯಿಂದ ಕಾಲಿನವರೆಗೆ ಮೂರು ಸಲ ನಿವಾಳಿಸಿದಳು. “ಊರೋರ ಕಣ್ಣು, ಕೇರಿಯೋರ ಕಣ್ಣು, ಹೋಗೋರ ಕಣ್ಣು, ಬರೋರ ಕಣ್ಣು, ಜೊತೇಲಿ ಕೂರೋರ ಕಣ್ಣು…” ಅವಳ ಬಳೆಯ ಸದ್ದು ಕಿವಿಯ ಹತ್ತಿರ ಬಂದು ದೂರ ಹೋಗುತ್ತಿತ್ತು. ಚಿಕ್ಕಂದಿನಲ್ಲಿ ಅವಳೇ ಹೇಳಿಕೊಟ್ಟಿದ್ದಳು: ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಎಷ್ಟು ಉರಿದರೂ ಘಾಟು ಬರುವುದಿಲ್ಲ, ಆ ಕಣ್ಣೇ ಅದನ್ನು ನುಂಗಿಬಿಡುತ್ತದೆ. ಘಾಟು ಬರಬಾರದು ಎಂದು ಭಾರ್ಗವ ಕಣ್ಣು ಮುಚ್ಚಿ ಬೇಡಿಕೊಂಡ. ಯಾರದಾದರೂ ಸರಿ, ಒಂದು ಕೆಟ್ಟ ಕಣ್ಣು ಬಿದ್ದಿರಲಿ. ಅಮ್ಮ ಮುಷ್ಟಿಯನ್ನು ಒಲೆಗೆ ಬಿಚ್ಚಿದಳು. ಉಪ್ಪು ಚಟಪಟ ಸಿಡಿಯಿತು.

ಘಾಟು ಗಪ್ಪನೆ ಎದ್ದಿತು. ಅಮ್ಮ ಸೆರಗು ಮೂಗಿಗೆ ಹಿಡಿದುಕೊಂಡು ಕೆಮ್ಮುತ್ತಲೇ ನಕ್ಕಳು. “ಅಬ್ಬಬ್ಬಾ, ನೋಡು ಹೆಂಗೆ ಬಂತು! ಯಾರ ಕಣ್ಣೂ ಇಲ್ಲ ಕಣೋ ನಿನ್ನ ಮೇಲೆ. ಎಲ್ಲಾ ಒಳ್ಳೇದನ್ನೇ ಬಯಸಿದಾರೆ ನಿಂಗೆ.”

ಭಾರ್ಗವನೂ ಕೆಮ್ಮಿದ. ಕಣ್ಣಲ್ಲಿ ನೀರು ಬಂತು, ಮೆಣಸಿನಕಾಯಿಯದು. ಅಮ್ಮ ಹೇಳಿದ ಹಾಗೆ ಕಾಲು ತೊಳೆದು, ಹಿಂದಕ್ಕೆ ನೋಡದೆ ಒಳಗೆ ಬಂದು ಫೋನು ತಿರುಗಿಸಿ ನೋಡಿದಾಗ ಆರು ಗಂಟೆ ನಾಲ್ಕು ನಿಮಿಷವಾಗಿತ್ತು.